ಓಲಗವೂ ಸ್ಫೂರ್ತಿಯೂ

೧

ಕಳೆದ ಮಾಘಮಾಸದಲ್ಲಿ, ವಿವಾಹಲಗ್ನಗಳು ಒಂದರ ಬೆನ್ನಿಗೊಂದು ಬರುತ್ತಿದ್ದ ದಿನಗಳಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನು ಒಂದು ಸಂಜೆ ಮನೆಗೆ ಬಂದನು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ತೋಪುಗಳ ನಡುವೆ ಇರುವ ಒಂದು ಗ್ರಾಮ ಅವನದು. ಬಾಲ್ಯದಲ್ಲಿ ನನ್ನ ಬಳಿ ಕನ್ನಡವನ್ನೂ ಅಲ್ಪಸ್ವಲ್ಪ ಸಂಸ್ಕೃತವನ್ನೂ ಓದಿದವನು; ಅನಂತರ ತಂದೆಯ ಕೈಯಿಂದ ನಾಗಸ್ವರವನ್ನು ತೆಗೆದುಕೊಂಡು, ಇಪ್ಪತ್ತೈದು ವರ್ಷಗಳಿಂದ ಅದರಿಂದಲೇ ಸಂಸಾರವನ್ನು ಸಾಗಿಸುತ್ತಿರುವವನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಅವನು ನುಡಿಸದ ಕಲ್ಯಾಣಮಂಟಪವಾಗಲಿ, ಅವನನ್ನು ಕಾಣದ ರಥೋತ್ಸವವಾಗಲಿ ವಿರಳವೆಂದರೆ ಅತಿಶಯೋಕ್ತಿಯಾಗದು.

ಕುಶಲಪ್ರಶ್ನೆಗಳು ಮುಗಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, "ಮೇಷ್ಟ್ರೇ, ವಾದ್ಯ ಮಾರಿಬಿಡೋಣ ಅಂತ ಇದ್ದೀನಿ" ಎಂದನು. ಕಾರಣವನ್ನು ಕೇಳಿದೆನು. "ಈ ತಿಂಗಳು ಹದಿನೆಂಟು ಮದುವೆ ಆಯ್ತು. ಅದೇ ಕೀರ್ತನೆ, ಅದೇ ಗಟ್ಟಿಮೇಳ, ಆಮೇಲೆ ಅವರು ಕೇಳೋ ಸಿನಿಮಾ ಹಾಡು. ಹಣಕ್ಕೇನೂ ಮೋಸ ಇಲ್ಲ. ಆದರೆ ಮನಸ್ಸಿನಲ್ಲಿ ಹೊಸದೊಂದು ಸಂಗತಿ ಹುಟ್ಟಿ ಎಷ್ಟು ವರ್ಷ ಆಯ್ತೋ ನನಗೇ ಗೊತ್ತಿಲ್ಲ. ನಮ್ಮಪ್ಪ ಊದುವಾಗ ಅವರ ಮುಖದಲ್ಲಿ ಏನೋ ಇರ್ತಿತ್ತು. ನನ್ನ ಮುಖದಲ್ಲಿ ಅದಿಲ್ಲ. ದೊಡ್ಡವರಿಗೆಲ್ಲ ಅದು ಎಲ್ಲಿಂದ ಬರ್ತಿತ್ತು ಮೇಷ್ಟ್ರೇ? ಅವರಿಗೆ ಹೊಟ್ಟೆಪಾಡು ಇರಲಿಲ್ವೆ?"

ನಾನು ಪಾಠಶಾಲೆಯ ಅಭ್ಯಾಸಬಲದಿಂದ ಪ್ರತಿಭೆಯ ಲಕ್ಷಣವನ್ನು ಹೇಳತೊಡಗಿದೆನು. ಅವನು ಹಿಂದೆ ತರಗತಿಯಲ್ಲಿ ಕುಳಿತಿರುತ್ತಿದ್ದಂತೆಯೇ ಕೈಕಟ್ಟಿಕೊಂಡು ಕೇಳಿ, "ಆಗಲಿ ಮೇಷ್ಟ್ರೇ" ಎಂದು ನಮಸ್ಕರಿಸಿ ಹೊರಟುಹೋದನು. ಹಸಿದವನಿಗೆ ಅನ್ನದ ವ್ಯುತ್ಪತ್ತಿಯನ್ನು ಹೇಳಿ ಕಳುಹಿಸಿದಂತಾಯಿತೆಂದು ನನಗೆ ಆ ರಾತ್ರಿ ನಾಚಿಕೆಯಾಯಿತು. ಅವನ ಪ್ರಶ್ನೆ ಲಕ್ಷಣವನ್ನು ಕುರಿತದ್ದಾಗಿರಲಿಲ್ಲ, ಇತಿಹಾಸವನ್ನು ಕುರಿತದ್ದಾಗಿದ್ದಿತು. ಸಂಗೀತವನ್ನು ಜೀವನೋಪಾಯವಾಗಿ ಮಾಡಿಕೊಂಡವರಿಗೆ, ಅಥವಾ ಅದನ್ನು ನಿತ್ಯಕರ್ತವ್ಯವಾಗಿ ಹೊತ್ತವರಿಗೆ, ಹೊಸ ಕಲ್ಪನೆ ಯಾವ ದಾರಿಯಿಂದ ಬಂದಿತು? ಅಂದು ಕೊಡಲಾರದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸುತ್ತೇನೆ.

೨

ಮೊದಲು ನಮ್ಮ ಆಡುಮಾತಿನಲ್ಲಿಯೇ ಇರುವ ಒಂದು ಶಬ್ದವನ್ನು ವಿಚಾರಿಸೋಣ. ನಾಗಸ್ವರ ಡೋಲುಗಳ ಮೇಳವನ್ನು ನಮ್ಮ ಸೀಮೆಯಲ್ಲಿ ಓಲಗವೆಂದೂ ವಾಲಗವೆಂದೂ ಕರೆಯುತ್ತಾರಷ್ಟೆ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಓಲಗವೆಂದರೆ ರಾಜಸಭೆ, ಓಲಗಿಸುವುದೆಂದರೆ ಸೇವೆಮಾಡುವುದು. ಸೇವೆ, ಸಭೆ, ಮಂಗಳವಾದ್ಯ ಈ ಮೂರಕ್ಕೂ ಕನ್ನಡಿಗರು ಒಂದೇ ಮಾತನ್ನು ಇಟ್ಟುಕೊಂಡರು. ಊಳಿಗವು ಬೇರೆ, ಕಲೆಯು ಬೇರೆ ಎಂಬ ಭೇದವು ಆ ಶಬ್ದದಲ್ಲಿ ಇಲ್ಲ. ವಾದ್ಯಗಾರನು ಯಾರದೋ ಸೇವೆಗಾಗಿ, ಯಾವುದೋ ಸಭೆಯಲ್ಲಿ, ಗೊತ್ತಾದ ಹೊತ್ತಿಗೆ ನುಡಿಸತಕ್ಕವನು ಎಂಬ ಅರ್ಥವು ಅದರಲ್ಲಿ ಮೊದಲಿನಿಂದಲೂ ಅಡಗಿದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಗಂಗರಿಗೆ ಮೊದಲ ರಾಜಧಾನಿಯಾಗಿದ್ದ ಕುವಲಾಲಪುರವೇ ನಮ್ಮ ಕೋಲಾರ. ಮುಂದೆ ಅದು ಚೋಳರ ಕೈಸೇರಿತು. ಕೋಲಾರಮ್ಮನ ಗುಡಿಯಲ್ಲಿ ಆ ಕಾಲದ ತಮಿಳು ಶಾಸನಗಳನ್ನು ಇಂದಿಗೂ ನೋಡಬಹುದು. ಅದೇ ಚೋಳರು ತಮ್ಮ ರಾಜಧಾನಿಯಾದ ತಂಜಾವೂರಿನ ಬೃಹದೀಶ್ವರಾಲಯದಲ್ಲಿ ಬರೆಯಿಸಿದ, ಕ್ರಿ. ಶ. ೧೦೧೪ರ ಸುಮಾರಿನ ಶಾಸನದಲ್ಲಿ ೪೦೦ ಮಂದಿ ನರ್ತಕಿಯರ ಹೆಸರುಗಳೂ ಅವರಿಗೆ ಗೊತ್ತುಮಾಡಿದ ಮನೆಗಳೂ ನಮೂದಾಗಿವೆ. ಒಬ್ಬೊಬ್ಬರಿಗೂ ವರ್ಷಕ್ಕೆ ೧೦೦ ಕಲ ಭತ್ತದ ಪಾಲು. ಅವರೊಡನೆ ಗಾಯಕರು, ವಾದಕರು, ನಟ್ಟುವರು ಇವರೆಲ್ಲರ ಪಾಲುಗಳನ್ನೂ ಕಲ್ಲಿನಲ್ಲಿ ಕೊರೆಯಿಸಲಾಗಿದೆ. ಈ ಮಹಾಪಟ್ಟಿಯನ್ನು ಕಂಡರೆ, ಹಿಂದಿನ ಕಲಾವಿದರಿಗೆ ಹೊಟ್ಟೆಪಾಡು ಇರಲಿಲ್ಲವೆಂಬ ಭ್ರಮೆಯು ಯಾರಿಗಾದರೂ ಹರಿದುಹೋಗುತ್ತದೆ. ಅವರು ಭತ್ತವನ್ನು ಅಳೆಯಿಸಿಕೊಂಡು, ತ್ರಿಕಾಲಪೂಜೆಗೆ ಸರಿಯಾಗಿ ಬಂದು, ನಿನ್ನೆ ಮಾಡಿದ್ದನ್ನೇ ಇಂದೂ ಮಾಡಿ ಮನೆಗೆ ಹೋಗುತ್ತಿದ್ದವರು.

ಶಾಸ್ತ್ರಕಾರರು ಮಾತ್ರ ಊಳಿಗದ ಹೊರಗಿದ್ದರೆ? ಅದೂ ಇಲ್ಲ. ಸಂಗೀತಶಾಸ್ತ್ರಕ್ಕೆ ಕಣ್ಣಿನಂತಿರುವ 'ಸಂಗೀತರತ್ನಾಕರ'ವನ್ನು ಬರೆದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರಾಜನಾದ ಸಿಂಘಣನ ಆಸ್ಥಾನದಲ್ಲಿ ಶ್ರೀಕರಣಾಗ್ರಣಿಯಾಗಿದ್ದವನು, ಎಂದರೆ ಲೆಕ್ಕಪತ್ರದ ಇಲಾಖೆಯ ಮುಖ್ಯಾಧಿಕಾರಿ. ಕಡತಗಳ ನಡುವೆ ಕುಳಿತ ಈ ಮಹಾನುಭಾವನು ವಾಗ್ಗೇಯಕಾರನ ಗುಣಗಳನ್ನು ಎಣಿಸುವಾಗ ವ್ಯಾಕರಣ, ನಿಘಂಟು, ಛಂದಸ್ಸುಗಳ ಜ್ಞಾನವನ್ನು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ಪರರ ಚಿತ್ತವನ್ನು ಅರಿಯುವುದು, ಸಂದರ್ಭೋಚಿತವನ್ನು ತಿಳಿಯುವುದು, ಬೇಗನೆ ಗೀತವನ್ನು ರಚಿಸಬಲ್ಲವನಾಗಿರುವುದು ಇವನ್ನೂ ಸೇರಿಸಿದನು. ಪರರ ಮನಸ್ಸನ್ನು ತಿಳಿದು, ಹೊತ್ತಿಗೆ ಸರಿಯಾಗಿ, ತಡಮಾಡದೆ ಕೆಲಸವನ್ನು ಒಪ್ಪಿಸುವುದು ಊಳಿಗದವನ ಲಕ್ಷಣವಲ್ಲವೆ? ಏಕಾಂತದಲ್ಲಿ ಕುಳಿತು ದೈವಾವೇಶಕ್ಕಾಗಿ ಕಾಯುವವನಿಗೆ ಬೇಗ ರಚಿಸುವ ಗುಣದಿಂದ ಆಗತಕ್ಕದ್ದೇನೂ ಇಲ್ಲ.

೩

ಹಾಗಾದರೆ ಸ್ಫೂರ್ತಿಯೆಂಬುದು ಏನು? ಸ್ಫುರ್ ಎಂಬ ಧಾತುವಿಗೆ ಅದುರುವುದು, ಮಿಡಿಯುವುದು, ಹೊಳೆಯುವುದು ಎಂಬ ಅರ್ಥಗಳಿವೆ. ಬಲಗಣ್ಣು ಅದುರಿದರೆ ಅದನ್ನು ಸ್ಫುರಣವೆನ್ನುತ್ತೇವೆ. ಅದುರುವ ರೆಪ್ಪೆಯು ಹೊರಗಿನಿಂದ ಬಂದುದಲ್ಲ. ಮೊದಲೇ ನಮ್ಮಲ್ಲಿ ಇದ್ದುದು. ಇದನ್ನು ನೆನಪಿನಲ್ಲಿಟ್ಟುಕೊಂಡು ಆಲಂಕಾರಿಕರ ಮಾತಿಗೆ ಬರೋಣ.

ಕಾವ್ಯಕ್ಕೆ ಕಾರಣವಾವುದೆಂದು ವಿಚಾರಿಸುತ್ತ ಮಮ್ಮಟಾಚಾರ್ಯನು 'ಕಾವ್ಯಪ್ರಕಾಶ'ದಲ್ಲಿ ಮೂರನ್ನು ಹೇಳುತ್ತಾನೆ. ಹುಟ್ಟಿನೊಡನೆ ಬಂದ ಶಕ್ತಿ. ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ನಿಪುಣತೆ. ಬಲ್ಲವರ ಶಿಕ್ಷಣದಿಂದ ಮಾಡಿದ ಅಭ್ಯಾಸ. ಮೂರನ್ನು ಹೇಳಿದವನು 'ಹೇತುಗಳು' ಎಂದು ಬಹುವಚನವನ್ನು ಹಾಕಬೇಕಾಗಿತ್ತು. ಅವನು ಹಾಕಿದ್ದು ಏಕವಚನ. ಮೂರೂ ಕೂಡಿ ಒಂದೇ ಹೇತುವೆಂದು ಅವನೇ ವೃತ್ತಿಯಲ್ಲಿ ವಿವರಿಸುತ್ತಾನೆ. ಪಾಠಶಾಲೆಯಲ್ಲಿ ಈ ಏಕವಚನವನ್ನು ಪರೀಕ್ಷೆಗೆ ಬರುವ ಒಂದು ಅಂಶವೆಂದು ಬಾಯಿಪಾಠ ಮಾಡಿದ್ದೆನು. ಅದರಲ್ಲಿ ಎಷ್ಟು ಧೈರ್ಯದ ಮಾತು ಅಡಗಿದೆಯೆಂಬುದು ನನ್ನ ಶಿಷ್ಯನು ಬಂದುಹೋದ ಮೇಲೆ ತಿಳಿಯಿತು. ಅಭ್ಯಾಸವು ಬಾಗಿಲ ಹೊರಗೆ ನಿಂತು ಶಕ್ತಿಯ ಬರವನ್ನು ಕಾಯುವ ಆಳಲ್ಲ. ಅದು ಇಲ್ಲದೆ ಶಕ್ತಿಯು ಕಾರಣವೇ ಆಗುವುದಿಲ್ಲ.

ರಾಜಶೇಖರನು ಇನ್ನೂ ಮುಂದೆ ಹೋಗುತ್ತಾನೆ. ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಅವನು ಕವಿಯ ದಿನಚರಿಯನ್ನೇ ಗೊತ್ತುಮಾಡಿಕೊಟ್ಟಿದ್ದಾನೆ. ಹಗಲನ್ನು ನಾಲ್ಕು ಯಾಮಗಳಾಗಿ ಭಾಗಿಸಿ, ಮೊದಲನೆಯದರಲ್ಲಿ ವಿದ್ಯೆಗಳ ಅನುಶೀಲನ, ಎರಡನೆಯದರಲ್ಲಿ ರಚನೆ, ಭೋಜನಾನಂತರ ಮೂರನೆಯದರಲ್ಲಿ ಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ಬರೆದದ್ದರ ಪರೀಕ್ಷೆ ಎಂದು ವಿಧಿಸುತ್ತಾನೆ. ಕವಿತ್ವಕ್ಕೂ ವೇಳಾಪಟ್ಟಿಯೇ ಎಂದು ನಗುವವರು ನಗಲಿ. ರಚನೆಗೆ ಒಂದು ಯಾಮವನ್ನು ಇಟ್ಟವನು ಅದರ ಮುಂಚೆ ಒಂದನ್ನು ಕಲಿಯುವುದಕ್ಕೂ, ಅದರ ಅನಂತರ ಎರಡನ್ನು ಕೇಳಿಸಿ ತಿದ್ದುವುದಕ್ಕೂ ಇಟ್ಟಿದ್ದಾನೆಂಬುದನ್ನು ಗಮನಿಸತಕ್ಕದ್ದು.

೪

ಇಷ್ಟು ಶಾಸ್ತ್ರವಾಯಿತು. ಈಗ ನಮ್ಮ ಮುಳಬಾಗಿಲಿಗೆ ಬರೋಣ. ಆ ಊರಿನ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ೧೫ನೆಯ ಶತಮಾನದ ಈ ಯತಿಗಳ ಆಶ್ರಮನಾಮ ಲಕ್ಷ್ಮೀನಾರಾಯಣತೀರ್ಥರು. ಜನ್ಮಸ್ಥಳ ಚನ್ನಪಟ್ಟಣದ ಬಳಿಯ ಅಬ್ಬೂರು. ಜಯತೀರ್ಥರ 'ನ್ಯಾಯಸುಧೆ'ಗೆ 'ವಾಗ್ವಜ್ರ'ವೆಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದ ಮಹಾವಿದ್ವಾಂಸರು. ವ್ಯಾಸರಾಯರಿಗೆ ಪಾಠ ಹೇಳಿದ ಗುರುಗಳು. ಅವರನ್ನು ವೃತ್ತಿಸಂಗೀತಗಾರರೆಂದು ಯಾರೂ ಹೇಳಲಾರರು. ಆದರೂ ಅವರನ್ನು ಇಲ್ಲಿ ಮೊದಲು ಸ್ಮರಿಸುವುದಕ್ಕೆ ಕಾರಣವುಂಟು: ನಿತ್ಯಕರ್ತವ್ಯದ ನಡುವಿನಿಂದಲೇ ಹಾಡು ಹುಟ್ಟುವುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಮಠಾಧಿಪತಿಯಾದವನ ದಿನವು ಎಂತಹದೆಂಬುದನ್ನು ಬಲ್ಲವರು ಬಲ್ಲರು. ಪ್ರಾತಃಕಾಲದ ಅನುಷ್ಠಾನ, ಶಿಷ್ಯರಿಗೆ ಪಾಠ, ಪೂಜೆ, ತೀರ್ಥಪ್ರಸಾದ, ಬಂದವರ ಯೋಗಕ್ಷೇಮ, ಪುರಾಣಪ್ರವಚನ, ಮತ್ತೆ ಸಂಧ್ಯಾಕಾಲದ ಪೂಜೆ. ಒಂದು ದಿನದ ಹಾಗೆ ಇನ್ನೊಂದು ದಿನ. ಈ ಆವರ್ತನದ ಒಳಗಿದ್ದುಕೊಂಡೇ ಅವರು ರಂಗವಿಠಲನೆಂಬ ಅಂಕಿತದಲ್ಲಿ ಕನ್ನಡದ ಹಾಡುಗಳನ್ನು ಕಟ್ಟಿದರು. ಪೂಜೆಯ ವೇಳೆಯಲ್ಲಿ ಕನ್ನಡದ ಹಾಡನ್ನು ಹಾಡಿಸುವ ಪದ್ಧತಿಯನ್ನು ಅವರು ಬೆಳೆಯಿಸಿದರೆಂದು ಸಂಪ್ರದಾಯ ಹೇಳುತ್ತದೆ. ನರಹರಿತೀರ್ಥರ ಹೆಸರಿನಲ್ಲಿ ಕೆಲವೇ ಹಾಡುಗಳನ್ನು ಉಳಿಸಿಕೊಂಡು ಬಂದಿದ್ದ ದಾಸಸಾಹಿತ್ಯವು ಇವರಿಂದ ಕವಲೊಡೆದು ಬೆಳೆಯಿತು. ಆದುದರಿಂದಲೇ ಇವರನ್ನು ಹರಿದಾಸಪಿತಾಮಹರೆಂದು ಕರೆಯುವುದು.

ಅವರ ಹೊಸತನವು ಎಲ್ಲಿಂದ ಬಂದಿತೆಂಬುದನ್ನು ಅವರ ಕೃತಿಗಳ ಹೆಸರುಗಳೇ ತಿಳಿಸುತ್ತವೆ. ವೇಣುಗೀತ, ಗೋಪೀಗೀತ, ಭ್ರಮರಗೀತ ಈ ಮೂರೂ ಭಾಗವತ ದಶಮಸ್ಕಂಧದಲ್ಲಿ ೨೧, ೩೧ ಮತ್ತು ೪೭ನೆಯ ಅಧ್ಯಾಯಗಳಲ್ಲಿ ಬರುವ ಪ್ರಸಂಗಗಳು. ಪ್ರವಚನದಲ್ಲಿ ಮತ್ತೆ ಮತ್ತೆ ಹೇಳಿ, ಕೇಳಿ, ಶಿಷ್ಯರಿಗೆ ಅನ್ವಯ ಬಿಡಿಸಿ ಹಳತಾಗಬಹುದಾಗಿದ್ದ ವಸ್ತು. ಶ್ರೀಪಾದರಾಜರು ಹೊಸ ವಸ್ತುವನ್ನು ಹುಡುಕಿಕೊಂಡು ಹೋಗಲಿಲ್ಲ. ಕೈಯಲ್ಲಿದ್ದುದನ್ನೇ ಇನ್ನೊಂದು ಭಾಷೆಗೆ ತಿರುಗಿಸಿ, ಇನ್ನೊಂದು ಕೂಟಕ್ಕೆ ಕೇಳಿಸಿದರು. ಮುಳಬಾಗಿಲು ಮೂಡಲಬಾಗಿಲೆಂದು ಹಿರಿಯರು ಹೇಳುತ್ತಾರೆ. ತಿರುಪತಿಯ ಯಾತ್ರಿಕರು ಹಾದುಹೋಗುವ ದಾರಿ. ಕನ್ನಡ ತೆಲುಗು ತಮಿಳುಗಳು ಕೂಡುವ ಸ್ಥಳ. ನ್ಯಾಯಸುಧೆಯನ್ನು ಓದಬಲ್ಲವರು ಅಲ್ಲಿ ಹತ್ತು ಮಂದಿಯಾದರೆ, ಅದನ್ನು ಓದಲಾರದೆ ಅಂಗಳದಲ್ಲಿ ನಿಂತವರು ನೂರು ಮಂದಿ. ಆ ನೂರು ಮಂದಿಯ ಮುಖವನ್ನು ಕಂಡ ವಿದ್ವಾಂಸನಿಗೆ ಕನ್ನಡದ ಹಾಡು ಬೇಕೆನಿಸಿತೆಂದು ನಾನು ಊಹಿಸುತ್ತೇನೆ. ಪರಚಿತ್ತಜ್ಞಾನವೆಂದು ಶಾರ್ಙ್ಗದೇವನು ಹೇಳಿದ್ದು ಇದನ್ನೇ ಅಲ್ಲವೆ?

ತಾಳಕ್ಕೆ ಕಟ್ಟುಬೀಳದ ಉಗಾಭೋಗ, ತಾಳಗಳ ಮಾಲಿಕೆಯಾದ ಸುಳಾದಿ, ದೀರ್ಘವಾದ ದಂಡಕ, ಪಲ್ಲವಿಚರಣಗಳ ಕೀರ್ತನೆ ಎಂದು ಅವರು ನಾನಾ ರೂಪಗಳಲ್ಲಿ ರಚಿಸಿದರು. ಸೇವೆಯಲ್ಲಿ ಒಂದೊಂದು ಹೊತ್ತಿಗೂ ಒಂದೊಂದು ಬಗೆಯ ಹಾಡು ಒಪ್ಪುತ್ತದೆ. ಸಾವಧಾನವಿದ್ದಾಗ ಸುಳಾದಿ, ಎರಡು ಕಾರ್ಯಗಳ ನಡುವೆ ನಾಲ್ಕು ಸಾಲಿನ ಉಗಾಭೋಗ. ರೂಪವೈವಿಧ್ಯಕ್ಕೆ ಸಮಯದ ಕಟ್ಟೇ ನೆರವಾಗುತ್ತದೆಂಬುದನ್ನು ಹಾಡುವವರೆಲ್ಲರೂ ಅನುಭವದಿಂದ ಬಲ್ಲರು.

೫

ಶ್ರೀಪಾದರಾಜರ ಶಿಷ್ಯರಾದ ವ್ಯಾಸರಾಯರು ೧೫೩೯ರಲ್ಲಿ ಬೃಂದಾವನಸ್ಥರಾದರು. ಅವರ ಶಿಷ್ಯರಾದ ಪುರಂದರದಾಸರ ಕಾಲ ೧೫೬೪ರವರೆಗೆ. ಮಠದ ಅಂಗಳದಲ್ಲಿದ್ದ ಹಾಡು ದಾಸರೊಡನೆ ಬೀದಿಗೆ ಇಳಿಯಿತು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ ಚಿಟಿಕೆಗಳು; ಮನೆಯಿಂದ ಮನೆಗೆ ಹೋಗಿ ಹಿಡಿ ಅಕ್ಕಿಯನ್ನು ಸ್ವೀಕರಿಸುವ ಮಧುಕರವೃತ್ತಿ. ಇದೂ ಒಂದು ಜೀವನೋಪಾಯವೇ. ದುಂಬಿಯು ಹೂವಿನಿಂದ ಹೂವಿಗೆ ಹೋಗುವುದು ಮಧುವಿಗಾಗಿ. ದಾಸರು ಬಾಗಿಲಿನಿಂದ ಬಾಗಿಲಿಗೆ ಹೋದಾಗ ದೊರೆತದ್ದು ಅಕ್ಕಿಯೊಂದೇ ಅಲ್ಲ. ಮನೆಯೊಳಗಿನ ಜಗಳ, ಜೋಗುಳ, ಸಂತೆಯ ಮಾತು, ಗಾದೆ, ಲೇವಾದೇವಿಯ ಭಾಷೆ ಇವೆಲ್ಲವೂ ಅವರ ಹಾಡಿಗೆ ಬಂದು ಸೇರಿದವು. ಮಧುಕರವೃತ್ತಿಯು ದಾಸರಿಗೆ ಭಿಕ್ಷೆಯಾಗಿದ್ದಂತೆ ಪಾಠವೂ ಆಗಿತ್ತು.

ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆಗಳೆಂಬ ಕ್ರಮವನ್ನು ಏರ್ಪಡಿಸಿದವರು ಪುರಂದರದಾಸರೆಂದು ಪರಂಪರೆಯು ನಂಬುತ್ತದೆ. ಪಾಠ ಹೇಳುವುದು ಸೃಷ್ಟಿಗೆ ವಿರೋಧವೆಂದು ತಿಳಿದಿರುವ ಗಾಯಕರು ಇದನ್ನು ಯೋಚಿಸಬೇಕು. ಅದೇ ಬಾಲಪಾಠದ ಮಹಾನುಭಾವರನ್ನು ಮುಂದೆ ತ್ಯಾಗರಾಜರು ತಮ್ಮ 'ಪ್ರಹ್ಲಾದಭಕ್ತಿವಿಜಯ'ದಲ್ಲಿ ವಂದಿಸಿದರು.

ನಮ್ಮ ಹಳೆಯ ಕೋಲಾರ ಜಿಲ್ಲೆಗೆ ಸೇರಿದ್ದು, ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಕೈವಾರವನ್ನೂ ಇಲ್ಲಿ ನೆನೆಯಬೇಕು. ಅಲ್ಲಿಯ ನಾರಾಯಣಪ್ಪನವರು, ಜನರ ಬಾಯಲ್ಲಿ ತಾತಯ್ಯನವರು, ಬಳೆಗಳ ಮಲಾರವನ್ನು ಹೊತ್ತು ಊರೂರು ತಿರುಗಿದವರೆಂಬುದು ಪ್ರಸಿದ್ಧ. ಕೈವಾರದ ಅಮರನಾರೇಯಣನ ಅಂಕಿತದಲ್ಲಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಅವರ ಹಾಡುಗಳಿವೆ. ಬಳೆಗಾರನಿಗೆ ಎರಡು ಭಾಷೆಯೂ ವ್ಯಾಪಾರಕ್ಕೆ ಬೇಕು; ಆ ಎರಡು ಭಾಷೆಯೂ ಹಾಡಿಗೆ ಒದಗಿದವು.

೬

ನನ್ನ ಶಿಷ್ಯನ ದೂರಿನಲ್ಲಿ ಇನ್ನೊಂದು ಭಾಗವಿತ್ತು: ತನಗೆ ಒಪ್ಪದ ಪರರ ಹಾಡನ್ನು ನುಡಿಸಬೇಕಾಗುತ್ತದೆಂಬುದು. ಇದಕ್ಕೆ ಉತ್ತರವು ನಮ್ಮ ಜಿಲ್ಲೆಯ ಹೊರಗೆ ದೊರೆಯುತ್ತದೆ. ಮುತ್ತುಸ್ವಾಮಿ ದೀಕ್ಷಿತರು (೧೭೭೫–೧೮೩೫) ಮದರಾಸಿನ ಕಡೆ ಇದ್ದಾಗ ಇಂಗ್ಲಿಷರ ಬ್ಯಾಂಡಿನ ವಾದ್ಯಗಳನ್ನು ಕೇಳಿದರು. ಆ ಧಾಟಿಗಳಿಗೆ ಅವರು ಸಂಸ್ಕೃತದ ಸಾಹಿತ್ಯವನ್ನು ಕೂಡಿಸಿದರು. ನೊಟ್ಟುಸ್ವರವೆಂದು ಹೆಸರಾದ ಇಂತಹ ರಚನೆಗಳು ಸುಮಾರು ೪೦ ಇವೆ; ಮಕ್ಕಳು ಇಂದಿಗೂ ಹಾಡುತ್ತಾರೆ. ಪರರ ಧಾತುವಿಗೆ ಮಾತನ್ನು ಹೊಂದಿಸುವವನನ್ನು ಶಾರ್ಙ್ಗದೇವನು ಕುಟ್ಟಿಕಾರನೆಂದು ಕರೆದು, ಧಾತು ಮಾತುಗಳೆರಡನ್ನೂ ತಾನೇ ಮಾಡುವ ಉತ್ತಮ ವಾಗ್ಗೇಯಕಾರನಿಂದ ಬೇರ್ಪಡಿಸಿದ್ದಾನೆ. ನವಾವರಣಕೃತಿಗಳನ್ನು ರಚಿಸಿದ ದೀಕ್ಷಿತರಿಗೆ ಕುಟ್ಟಿಕಾರನಾಗುವುದಕ್ಕೆ ಸಂಕೋಚವಾಗಲಿಲ್ಲ. ಬೀದಿಯ ಬ್ಯಾಂಡನ್ನು ಕೇಳಿ ಕಿವಿ ಮುಚ್ಚಿಕೊಳ್ಳದಿರುವುದೂ ಒಂದು ಗುಣವೆಂದು ಇದರಿಂದ ತಿಳಿಯುತ್ತದೆ.

ಕೆಲವು ವೇಳೆ ಅಡಚಣೆಯೇ ಉಪಾಯವನ್ನು ಹುಟ್ಟಿಸುತ್ತದೆ. ತಿರುಮಕೂಡಲಿನ ಟಿ. ಚೌಡಯ್ಯನವರು (೧೮೯೫–೧೯೬೭) ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದ ದಿನಗಳಲ್ಲಿ ಧ್ವನಿವರ್ಧಕವು ಬಳಕೆಗೆ ಬಂದಿರಲಿಲ್ಲ. ಪಿಟೀಲಿನ ನಾದವು ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅವರು ೧೯೨೭ರಲ್ಲಿ ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಕೊಂಡರು. ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಾರದವನ ಕಷ್ಟದಿಂದ ಒಂದು ಹೊಸ ನಾದವು ಹುಟ್ಟಿತು.

ಇನ್ನು ಮೈಸೂರು ವಾಸುದೇವಾಚಾರ್ಯರು. ೧೮೬೫ರಲ್ಲಿ ಹುಟ್ಟಿ, ಸಂಸ್ಕೃತ ವ್ಯಾಸಂಗ ಮಾಡಿ, ಪಟ್ಣಂ ಸುಬ್ರಹ್ಮಣ್ಯ ಅಯ್ಯರಲ್ಲಿ ಗುರುಕುಲವಾಸವನ್ನು ಅನುಭವಿಸಿ, ಮೈಸೂರು ಆಸ್ಥಾನದಲ್ಲಿ ವಿದ್ವಾಂಸರಾಗಿದ್ದವರು. ವೃದ್ಧಾಪ್ಯದಲ್ಲಿ ಅವರು ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಅಲ್ಲಿ ರುಕ್ಮಿಣೀದೇವಿಯವರು ರಾಮಾಯಣವನ್ನು ನೃತ್ಯನಾಟಕಗಳ ಮಾಲೆಯಾಗಿ ಆಡಿಸಲು ಸಂಕಲ್ಪಿಸಿ ಸಂಗೀತವನ್ನು ಇವರಿಂದ ಅಪೇಕ್ಷಿಸಿದರು. ಮಾಲೆಯ ಮೊದಲನೆಯದಾದ 'ಸೀತಾಸ್ವಯಂವರ'ವು ೧೯೫೫ರಲ್ಲಿ ರಂಗಕ್ಕೆ ಬಂದಾಗ ಆಚಾರ್ಯರ ವಯಸ್ಸು ೯೦. ೧೯೬೧ರಲ್ಲಿ ಅವರು ದಿವಂಗತರಾದ ಮೇಲೆ ಆ ಕಾರ್ಯವನ್ನು ಅವರ ಮೊಮ್ಮಗ ಎಸ್. ರಾಜಾರಾಂ ಅವರು ಮುಂದುವರಿಸಿದರು. ಪರರು ಹೇಳಿ ಮಾಡಿಸಿದ ಕೆಲಸ. ಹೆಜ್ಜೆಗೂ ಅಭಿನಯಕ್ಕೂ ಒಪ್ಪಬೇಕಾದ ಕೆಲಸ. ಕೀರ್ತನಕಾರರಾಗಿ ಕೃತಾರ್ಥರಾಗಿದ್ದ ವೃದ್ಧರಿಗೆ ಆ ಊಳಿಗವೇ ಹೊಸ ದಾರಿಯನ್ನು ತೆರೆಯಿತು.

ನಾಗಸ್ವರದ ವಿಷಯವನ್ನೇ ಹೇಳದೆ ಬಿಟ್ಟರೆ ನನ್ನ ಶಿಷ್ಯನು ಒಪ್ಪಲಾರನು. ಉತ್ಸವಮೂರ್ತಿಯು ರಾತ್ರಿ ಬೀದಿಗಳಲ್ಲಿ ಬಿಜಯಮಾಡುವಾಗ ಮೂಲೆಮೂಲೆಗೂ ನಿಲ್ಲುತ್ತದೆ. ಮಂಗಳಾರತಿ ಮುಗಿಯುವವರೆಗೆ, ಪಲ್ಲಕ್ಕಿ ಮುಂದಕ್ಕೆ ಹೋಗುವವರೆಗೆ, ವಾದ್ಯಗಾರನು ಹೊತ್ತನ್ನು ತುಂಬಬೇಕು. ಈ ಅಗತ್ಯದಿಂದ ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಯಿಸುವ ಆಲಾಪನೆಯ ಪದ್ಧತಿಯು ನಾಗಸ್ವರದಲ್ಲಿ ಪುಷ್ಟವಾಯಿತು. ತೋಡಿಗೆ ಹೆಸರಾದ ಟಿ. ಎನ್. ರಾಜರತ್ನಂ ಪಿಳ್ಳೆಯವರ (೧೮೯೮–೧೯೫೬) ನಾದವು ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರಂತಹ ಗಾಯಕರ ಕಂಠಕ್ಕೆ ಮಾರ್ಗದರ್ಶಕವಾಯಿತು. ಬೀದಿಯ ಊಳಿಗವು ಸಭೆಯ ಸಂಗೀತಕ್ಕೆ ಗುರುವಾದುದು ಹೀಗೆ.

೭

ಆದರೂ ನಾನು ಒಂದೇ ಪಕ್ಷವನ್ನು ಹೇಳಿದರೆ ಅದು ಇತಿಹಾಸವಾಗುವುದಿಲ್ಲ. ಊಳಿಗವು ಸ್ಫೂರ್ತಿಯನ್ನು ಕೊಡುವಂತೆ ಕೊಲ್ಲಲೂ ಬಲ್ಲದು. ತಂಜಾವೂರಿನ ೪೦೦ ಮಂದಿಯಲ್ಲಿ ಎಷ್ಟು ಮಂದಿ ಆಯಾಸದಿಂದ ಬತ್ತಿಹೋದರೆಂಬುದನ್ನು ಯಾವ ಶಾಸನವೂ ಕೊರೆಯಿಸುವುದಿಲ್ಲ. ನಮ್ಮ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೨೮ರಲ್ಲಿ ಪ್ರಕಟಿಸಿದ 'ಸುಬ್ಬಣ್ಣ'ನ ನಾಯಕನು ಇಂತಹ ಸಂಗೀತಗಾರನೇ. ತಂದೆಯ ಮನೆಯನ್ನು ಬಿಟ್ಟು, ದೂರದ ಕಲ್ಕತ್ತೆಯಲ್ಲಿ ಬದುಕಿ, ಮಕ್ಕಳನ್ನು ಕಳೆದುಕೊಂಡು ಹಿಂದಿರುಗಿದವನು. ದುಃಖವು ಅವನ ಸಂಗೀತವನ್ನು ಪಕ್ವಗೊಳಿಸಿತೆಂಬುದು ನಿಜ. ಆದರೆ ದುಃಖವನ್ನು ಯಾರಿಗೂ ಸಾಧನವಾಗಿ ವಿಧಿಸಲಾಗದು. ಇಂತಹ ಕಥೆಯನ್ನು ಬರೆದ ಮಾಸ್ತಿಯವರು ಆಗ ಸರ್ಕಾರದ ಅಧಿಕಾರಿಗಳಾಗಿದ್ದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಪತ್ರಿಕಾವೃತ್ತಿಯವರು, ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ರಾಗಬದ್ಧವಾದ 'ಅಂತಃಪುರಗೀತೆ'ಯನ್ನು ಬರೆದರು. ಇವರಿಬ್ಬರೂ ಊಳಿಗದ ದಿನದೊಳಗೆ ತಮ್ಮದೊಂದು ಯಾಮವನ್ನು ಬಿಡಿಸಿಕೊಂಡವರು.

ಇನ್ನೊಂದು ಮಾತು. ಹೆಸರು ಉಳಿದ ವಾಗ್ಗೇಯಕಾರರನ್ನೇ ಎಣಿಸಿದೆನು. ಓಲಗದವರ, ಡೋಲಿನವರ, ತಮಟೆಯವರ ಹೆಸರುಗಳನ್ನು ನಾವು ಬರೆದಿಡಲಿಲ್ಲ. ಮಂಗಳವಾದ್ಯವಿಲ್ಲದೆ ತಾಳಿ ಕಟ್ಟಿಸದ ನಾವು, ವಾದ್ಯಗಾರನ ಹೆಸರನ್ನು ಕೇಳದೆ ಊಟಕ್ಕೆ ಏಳುತ್ತೇವೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆವಾದಕರಾದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಜಾತ್ರೆಯಲ್ಲಿಯೂ ಸಾವಿನಲ್ಲಿಯೂ ಕೇಳಿ, ಕೇಳಿದ್ದೇವೆಂದು ಎಣಿಸದೆ ಬಿಟ್ಟಿದ್ದ ವಾದ್ಯವದು. ಕೇಳುವವನಿಲ್ಲದ ಸಂಗೀತಗಾರನಿಗೆ ಸ್ಫೂರ್ತಿ ಬತ್ತಿತೆಂದರೆ, ದೋಷದಲ್ಲಿ ಅರ್ಧವು ಕೇಳದವನದು.

೮

ಯುಗಾದಿಯು ಕಳೆದ ಮೇಲೆ ಶಿಷ್ಯನನ್ನು ಕರೆಯಿಸಿ ಇದುವರೆಗಿನ ಭಾಗವನ್ನು ಓದಿ ಹೇಳಿದೆನು. ಈ ಸಲ ಅವನು ಕೈಕಟ್ಟಿಕೊಂಡು ಕೂರಲಿಲ್ಲ. ನಡುನಡುವೆ ಪ್ರಶ್ನೆ ಕೇಳಿದನು. ಉತ್ಸವದ ಆಲಾಪನೆಯ ಮಾತು ಬಂದಾಗ ತಡೆದು, "ನಮ್ಮಪ್ಪನೂ ಹಾಗೇ ಮೇಷ್ಟ್ರೇ, ರಥ ನಿಂತ ಕಡೆಯೆಲ್ಲ ಊದ್ತಿದ್ದರು" ಎಂದನು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದನು: "ಮದುವೆಯಲ್ಲಿ ಹೆಣ್ಣು ಹಸೆಗೆ ಬರೋದಕ್ಕೆ ಮುಂಚೆ ಒಂದು ಅರ್ಧ ಗಂಟೆ ಇರುತ್ತೆ. ಪುರೋಹಿತರು ಮಂತ್ರ ಹೇಳ್ತಿರ್ತಾರೆ, ಜನ ಮಾತಾಡ್ತಿರ್ತಾರೆ. ಇದನ್ನೇ ನುಡಿಸು ಅಂತ ಆಗ ಯಾರೂ ಹೇಳೋದಿಲ್ಲ. ನಾನು ಆ ಹೊತ್ತನ್ನ ಸುಮ್ಮನೆ ಕಳೀತಿದ್ದೆ."

ನಾನು ಎಂಟು ಭಾಗಗಳಲ್ಲಿ ಹೇಳಲು ಶ್ರಮಿಸಿದ್ದನ್ನು ಅವನು ತನ್ನ ಕಸಬಿನೊಳಗಿಂದ ಒಂದೇ ಮಾತಿನಲ್ಲಿ ಹೇಳಿದನು. ರಾಜಶೇಖರನು ಕವಿಗೆ ಒಂದು ಯಾಮವನ್ನು ಕೊಟ್ಟನು. ಇವನಿಗೆ ಅರ್ಧ ಗಂಟೆ ಸಿಕ್ಕಿದೆ. ಯಾರೂ ಕೇಳದ ಹೊತ್ತೆಂದು ಅವನು ಕೊರಗುತ್ತಿದ್ದನೋ, ಅದೇ ಯಾರೂ ತಡೆಯದ ಹೊತ್ತೂ ಆಗಿದೆ. ವಾದ್ಯವನ್ನು ಮಾರುವ ಮಾತನ್ನು ಅಂದು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ವಾಚಕಮಹಾಶಯರಲ್ಲಿ ಒಂದು ವಿಜ್ಞಾಪನೆ. ಮುಂದಿನ ಲಗ್ನಗಳಲ್ಲಿ ಮದುವೆಯ ಮನೆಗೆ ಹೋದಾಗ ಕೊಂಚ ಮುಂಚಿತವಾಗಿ ಹೋಗಿ ಓಲಗದವರ ಹತ್ತಿರ ಕುಳಿತುಕೊಳ್ಳಿರಿ. ನುಡಿಸುತ್ತಿರುವ ರಾಗವು ಯಾವುದೆಂದು ಕೇಳಿರಿ. ಹೆಸರನ್ನೂ ಕೇಳಿರಿ.